ಹುಳಕ್ಕ ಔಷಧ ರೂಢಿ ಆಗೈತೇನು? ಹತ್ತಿ ಹೊಲದ ನೂರು ವರ್ಷದ ಲೆಕ್ಕ

ಈ ಸಲದ ಬರಹ ಉದ್ದ ಐತಿ. ಹತ್ತಿ ಬಿಡಿಸೋ ಆಳು ಸಿಗದೆ ಕುಂತವರು ಈಗ ಓದ್ರಿ, ಆಳು ಸಿಕ್ಕವರು ರಾತ್ರಿ ಓದ್ರಿ.

ಗುಲಾಬಿ ಹುಳದ ಮಾತು ಬಂದಾಗೆಲ್ಲ ನಮ್ಮ ಕಡೆ ಎರಡು ಮಾತು ಕೇಳಿ ಬರ್ತಾವ. ಒಂದು, "ಹುಳಕ್ಕ ಬಿಟಿ ರೂಢಿ ಆಗೈತಿ." ಇನ್ನೊಂದು, "ಬೀಜದಾಗ ಈಗ ದಮ್ಮಿಲ್ಲ, ಮೊದಲಿನ ಬೀಜಾನ ಬ್ಯಾರೆ." ಗೊಬ್ಬರದ ಅಂಗಡಿ ಮುಂದ ಇದೇ ಮಾತು, ಜಿನ್ನಿಂಗ್ ಮಿಲ್ಲಿನ ಗೇಟಿನಾಗೂ ಇದೇ ಮಾತು. ಎರಡೂ ಮೇಲ್ನೋಟಕ್ಕೆ ಸರಿ ಅನಿಸ್ತಾವ. ಆದ್ರ ಎರಡನ್ನೂ ನಂಬಿದ್ರ ಮುಂದಿನ ವರ್ಷ ಏನು ಮಾಡಬೇಕು ಅನ್ನೋದು ತಪ್ಪಿ ಹೋಗ್ತದ.

ರೂಢಿ ಅಂದ್ರ ಏನು? ಮೊದಲ ದಿನ ತಂಬಾಕು ಹಾಕಿದವನಿಗೆ ತಲಿ ತಿರುಗ್ತದ, ತಿಂಗಳಾದ ಮ್ಯಾಲೆ ಏನೂ ಆಗೋದಿಲ್ಲ. ಮನುಷ್ಯ ಅವನೇ, ಮೈ ಒಗ್ಗಿಕೊಂಡಿತು. ಹತ್ತಿ ಹುಳದ ಕಥೆ ಹಂಗಲ್ಲ. ತತ್ತಿ ಒಡೆದು ಹೊರಗ ಬಂದ ಮರಿ ಬಿಟಿ ಕಾಯಿ ಕೊರೀತದ, ತಿಂತದ. ಅದು ಸಾಯೋದಿದ್ರ ಎರಡು ಮೂರು ದಿನದಾಗ ಸತ್ತು ಹೋಗ್ತದ. ಒಗ್ಗಿಕೊಳ್ಳಾಕ ಪುರುಸೊತ್ತು ಎಲ್ಲೈತಿ? ಬದುಕಿದ ಹುಳ ಹುಟ್ಟುವಾಗಲೇ ಬದುಕೋ ಹಂಗ ಹುಟ್ಟಿರ್ತದ. ಅಂದ್ರ ಬದಲಾಗಿದ್ದು ಒಂದೊಂದು ಹುಳ ಅಲ್ಲ, ಹುಳದ ವಂಶ. ಇದು ಸಣ್ಣ ಮಾತಿನ ವ್ಯತ್ಯಾಸ ಅನಿಸಬಹುದು. ಆದ್ರ ಇದನ್ನ ತಿಳಕೊಳ್ಳಾಕ ಜಗತ್ತಿನ ರೈತರಿಗೂ ವಿಜ್ಞಾನಿಗಳಿಗೂ ನೂರು ವರ್ಷ ಹಿಡೀತು.

ಕಥೆ ಶುರು ಆಗೋದು ಹತ್ತಿಯಿಂದಲ್ಲ, ಸೇಬಿನಿಂದ. ಅಮೆರಿಕದ ಪಶ್ಚಿಮ ತುದಿಯಲ್ಲಿ ವಾಷಿಂಗ್ಟನ್ ಅಂತ ಒಂದು ರಾಜ್ಯ ಐತಿ, ಸೇಬು ಬೆಳೆಯೋ ಸೀಮೆ. ಅಲ್ಲಿ ಸ್ಯಾನ್ ಹೋಸೆ ಶಲ್ಕ ಕೀಟ ಅನ್ನೋದು ಸೇಬಿನ ಟೊಂಗೆಗೆ ಹುರುಪಿ ಹಂಗ ಅಂಟಿಕೊಂಡು ರಸ ಹೀರಿ ಗಿಡ ಒಣಗಿಸ್ತಿತ್ತು. ರೈತರು ಅದಕ್ಕೆ ಸುಣ್ಣ ಗಂಧಕ ಕುದಿಸಿ ಹೊಡೀತಿದ್ರು. ವರ್ಷಗಟ್ಟಲೆ ಅದು ಚಲೋ ಕೆಲಸ ಮಾಡ್ತು. ಆಮೇಲೆ ಕ್ಲಾರ್ಕ್‌ಸ್ಟನ್ ಅನ್ನೋ ಊರಿನ ಕಡೆಯ ತೋಟದವರು ಹೊಡೆದ್ರೂ ಹುಳ ಸಾಯ್ತಿಲ್ಲ ಅಂತ ದೂರು ತಂದ್ರು. ಇಂಥಾ ದೂರಿಗೆ ಅಧಿಕಾರಿಗಳ ಉತ್ತರ ಆಗಲೂ ಈಗಲೂ ಒಂದೇ: ನೀವು ಸರಿಯಾಗಿ ಹೊಡೆದಿಲ್ಲ, ಪ್ರಮಾಣ ಕಡಿಮೆ ಹಾಕೀರಿ, ಔಷಧ ಕಲಬೆರಕೆ ಇರಬೇಕು.

ಎ. ಎಲ್. ಮೆಲಾಂಡರ್ ಅನ್ನೋ ಕೀಟಶಾಸ್ತ್ರಜ್ಞ ಮಾತ್ರ ರೈತರ ಮಾತು ಹೌದೋ ಅಲ್ಲೋ ಅಂತ ಪರೀಕ್ಷೆ ಮಾಡಿ ನೋಡಿದ. ಬೇರೆ ಬೇರೆ ಊರಿನ ತೋಟಗಳಿಗೆ ಹೊಡೆಸಿ ಹೋಲಿಸಿದ. ಒಂದು ಕಡೆ ಕೀಟ ಬಹಳ ಬೇಗ ಸತ್ತವು, ಕ್ಲಾರ್ಕ್‌ಸ್ಟನ್ ಕಡೆಯವು ಅದೇ ಔಷಧಕ್ಕೆ ಬಗ್ಗಲಿಲ್ಲ. 1914ರಲ್ಲಿ ಅವನು ಒಂದು ಲೇಖನ ಬರೆದ. ಕೀಟಗಳು ಸಿಂಪರಣೆಗೆ ನಿರೋಧಕ ಆಗಬಹುದೇನು ಅಂತ ಅದರ ಹೆಸರೇ ಒಂದು ಪ್ರಶ್ನೆ. ಕೀಟ ಔಷಧಕ್ಕೆ ಜಗ್ಗದಂಗ ಆಗ್ತದ ಅಂತ ಲೆಕ್ಕ ಸಮೇತ ತೋರಿಸಿದ ಮೊದಲ ಬರಹ ಅದು ಅಂತ ಇವತ್ತಿಗೂ ಹೇಳ್ತಾರ. ಅಂದ್ರ ಡಿಡಿಟಿ ಬರೋಕಿಂತ ಮೊದಲೇ, ಬರೀ ಸುಣ್ಣ ಗಂಧಕದ ಕಾಲದಾಗ ಈ ಸಮಸ್ಯೆ ಶುರುವಾಗಿತ್ತು. ಇದು ನನಗ ದೊಡ್ಡ ಮಾತು ಅನಿಸ್ತದ, ಯಾಕಂದ್ರ ನಮ್ಮಲ್ಲಿ ಕೆಲವರು ಹಳೇ ಔಷಧ ಆದ್ರ ಇಂಥಾ ತೊಂದರೆ ಇರೋದಿಲ್ಲ ಅಂತ ತಿಳಕೊಂಡಾರ. ಹುಳ ಹಳೇದು ಹೊಸದು ನೋಡೋದಿಲ್ಲ. ಮತ್ತ ಮತ್ತ ಅದೇ ಒಂದರಿಂದ ಸಾಯಿಸ್ತಾ ಹೋದ್ರ ಯಾವುದಾದ್ರೂ ಸೋಲ್ತದ.

ಯಾಕ ಸೋಲ್ತದ ಅನ್ನೋದಕ್ಕೆ ಉತ್ತರ ಅದಕ್ಕಿಂತ 55 ವರ್ಷ ಮೊದಲು, 1859ರಲ್ಲಿ ಡಾರ್ವಿನ್ ಬರೆದ ಪುಸ್ತಕದಾಗ ಇತ್ತು. ಆ ಪುಸ್ತಕ ಮಂಗನಿಂದ ಮಾನವ ಅಂತ ಶುರು ಆಗ್ತದ ಅಂತ ಬಹಳ ಮಂದಿ ತಿಳಿದಾರ. ಅಲ್ಲ. ಮೊದಲ ಅಧ್ಯಾಯ ಪೂರ್ತಿ ಸಾಕು ಪ್ರಾಣಿ, ಬೆಳೆ, ಪಾರಿವಾಳದ್ದು. ರೈತರು, ಸಾಕುವವರು ಒಳ್ಳೇದನ್ನ ಉಳಿಸಿಕೊಂಡು ಮರಿ ಮಾಡಿಸ್ತಾರ, ಬ್ಯಾಡಾದ್ದನ್ನ ಕೈಬಿಡ್ತಾರ, ಹತ್ತಾರು ತಲೆಮಾರಿಗೆ ತಳಿಯೇ ಬ್ಯಾರೆ ಆಗ್ತದ. ಮನುಷ್ಯನ ಕೈ ಮಾಡೋ ಈ ಆಯ್ಕೆಯನ್ನ ಬಿಸಿಲು, ಬರ, ಹಸಿವು, ರೋಗ ಕೂಡ ಮಾಡ್ತಾವ ಅಂತ ಅವನ ವಾದ. ನಮ್ಮ ಅಜ್ಜಂದಿರು ಕಣದಾಗ ಜೋಳದ ದೊಡ್ಡ ತೆನಿ ಆರಿಸಿ ಬೀಜಕ್ಕ ಅಂತ ಜಂತಿಗೆ ಕಟ್ಟುತ್ತಿದ್ದರಲ್ಲ, ಅದೇ ಕೆಲಸ. ಪಂಪಿನ ನಳಿಗೆಯಿಂದ ನಾವು ಹೊಲದಾಗ ಮಾಡೋದೂ ಅದೇ ಕೆಲಸ. ಜೋಳದಾಗ ಒಳ್ಳೇದನ್ನ ಬೀಜಕ್ಕ ಇಟ್ಟೆವು, ಹುಳದಾಗ ಗಟ್ಟಿ ಇದ್ದದ್ದನ್ನ ಬೀಜಕ್ಕ ಇಟ್ಟೆವು.

ಇಲ್ಲೊಂದು ಪ್ರಶ್ನೆ ಬರ್ತದ. ಗಟ್ಟಿ ಹುಳ ಔಷಧ ಹೊಡೆಯೋಕಿಂತ ಮೊದಲೇ ಇತ್ತೋ, ಅಥವಾ ಔಷಧ ತಾಗಿದ ಮ್ಯಾಲೆ ಗಟ್ಟಿ ಆಯ್ತೋ? ಡಿಡಿಟಿ ಬಂದ ಮ್ಯಾಲೆ ಈ ಪ್ರಶ್ನೆ ಜೋರಾಯ್ತು. ಡಿಡಿಟಿ ಕೀಟ ಕೊಲ್ತದ ಅಂತ ಕಂಡುಹಿಡಿದ ಪಾಲ್ ಮುಲ್ಲರನಿಗೆ 1948ರಲ್ಲಿ ನೊಬೆಲ್ ಬಹುಮಾನ ಕೊಟ್ಟರು. ಅಷ್ಟೊತ್ತಿಗೇ ಸ್ವೀಡನ್, ಇಟಲಿಯ ಮನಿ ನೊಣಗಳು ಡಿಡಿಟಿಗೆ ಸಾಯೋದನ್ನ ಬಿಟ್ಟಿದ್ದವು. ಬಹುಮಾನದ ಹೂಮಾಲಿ ಬಾಡೋಕಿಂತ ಮೊದಲೇ ನೊಣ ಉತ್ತರ ಕೊಟ್ಟಿತ್ತು ಅನ್ನಬಹುದು.

ಆ ಪ್ರಶ್ನೆಗೆ ಉತ್ತರ ಕೊಟ್ಟ ಒಂದು ಪ್ರಯೋಗ ನನಗ ಭಾಳ ಮೆಚ್ಚಿಗಿ. ಅದನ್ನ ಹೇಳೋಕಿಂತ ಮೊದಲು ಹೋರಿ ವಿಷಯ ನೆನಪು ಮಾಡಿಕೊಳ್ರಿ. ಹೋರಿ ಹಾಲು ಕೊಡೋದಿಲ್ಲ. ಆದ್ರೂ ಹಾಲಿನ ತಳಿಗೆ ಹೋರಿ ಆರಿಸುವಾಗ ಇದರ ತಾಯಿ ಎಷ್ಟು ಹಾಲು ಕೊಟ್ಟಿತ್ತು, ಅಕ್ಕ ತಂಗಿ ಎಷ್ಟು ಕೊಡ್ತಾವ ಅಂತ ಕೇಳ್ತೀವಿ. ಹಾಲು ಹಿಂಡದೆಯೇ ಅದರ ರಕ್ತದಾಗ ಏನೈತಿ ಅಂತ ಅಂದಾಜು ಮಾಡ್ತೀವಿ. ಬೆನೆಟ್ ಅನ್ನೋ ವಿಜ್ಞಾನಿ ಹಣ್ಣಿನ ನೊಣದ ಮ್ಯಾಲೆ ಇದನ್ನೇ ಮಾಡಿ 1960ರಲ್ಲಿ ಪ್ರಕಟ ಮಾಡಿದ. ಒಂದು ತಾಯಿಯ ಮರಿಗಳನ್ನ ಎರಡು ಪಾಲು ಮಾಡಿದ. ಒಂದು ಪಾಲಿಗೆ ಡಿಡಿಟಿ ತಾಗಿಸಿದ, ಇನ್ನೊಂದು ಪಾಲನ್ನ ಮುಟ್ಟಲೇ ಇಲ್ಲ. ಯಾವ ಮನೆತನದ ಮರಿ ಡಿಡಿಟಿಗೆ ಹೆಚ್ಚು ತಡೆದವೋ ಆ ಮನೆತನದ ಮುಟ್ಟದ ಅಣ್ಣತಮ್ಮ ಅಕ್ಕತಂಗಿಗಳಿಂದ ಮುಂದಿನ ತಲೆಮಾರು ಬೆಳೆಸಿದ. ಹಿಂಗ ತಲೆಮಾರಿನ ಮ್ಯಾಲೆ ತಲೆಮಾರು. ಕೊನಿಗೆ ಡಿಡಿಟಿಗೆ ಜಗ್ಗದ ನೊಣದ ತಳಿ ತಯಾರಾಯ್ತು. ಆ ತಳಿಯ ಅಪ್ಪ ಅಜ್ಜ ಮುತ್ತಜ್ಜ ಯಾರೂ ಡಿಡಿಟಿಯ ವಾಸನಿ ಕೂಡ ಕಂಡಿರಲಿಲ್ಲ.

ಎಂಥಾ ಚಂದದ ಪ್ರಯೋಗ ನೋಡ್ರಿ. ಔಷಧ ಕಾಣದ ವಂಶ ಔಷಧಕ್ಕೆ ಗಟ್ಟಿ ಆಯ್ತು ಅಂದ್ರ ರೂಢಿ ಆಗೋ ಮಾತೇ ಇಲ್ಲ. ಆ ಗುಣ ಹಿಂಡಿನಾಗ ಅಲ್ಲೊಂದು ಇಲ್ಲೊಂದು ಮೊದಲೇ ಇತ್ತು. ಆರಿಸಿದ್ದಷ್ಟೇ ಮನುಷ್ಯನ ಕೆಲಸ.

ಇನ್ನು ನಮ್ಮ ಹತ್ತಿಗೆ ಬರೋಣ. ಗುಲಾಬಿ ಹುಳ ಹೊರಗಿನಿಂದ ಬಂದ ಹೊಸ ಪೀಡೆ ಅಂತ ಕೆಲವರು ಹೇಳ್ತಾರ. ಶಾಸ್ತ್ರದ ಪುಸ್ತಕಕ್ಕ ಅದು ಸೇರಿದ್ದೇ ನಮ್ಮ ದೇಶದಿಂದ. 1840ರ ದಶಕದಾಗ ಕಂಪನಿ ಸರ್ಕಾರ ಮ್ಯಾಂಚೆಸ್ಟರ್ ಮಿಲ್ಲಿಗೆ ಬೇಕು ಅಂತ ಅಮೆರಿಕದ ಹತ್ತಿ ಬೀಜ ತಂದು ಇಲ್ಲಿ ಬಿತ್ತಿಸ್ತಿತ್ತು. ನಮ್ಮ ಧಾರವಾಡ, ಗದಗ ಸೀಮೆಯಲ್ಲಿ ಅದು ಹತ್ತಿಕೊಂಡು ಧಾರವಾಡ ಅಮೆರಿಕನ್ ಅಂತ ಹೆಸರಾಯ್ತು. ಅದೇ ಕಾಲದಾಗ ಗುಜರಾತಿನ ಭರೂಚ್ ಸೀಮೆಯ ಹತ್ತಿಯಿಂದ ಕಳಿಸಿದ ಹುಳ ನೋಡಿ ಸಾಂಡರ್ಸ್ ಅನ್ನೋ ಇಂಗ್ಲಿಷ್ ವಿದ್ವಾಂಸ 1843ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಇಟ್ಟ. ಇಪ್ಪತ್ತನೇ ಶತಮಾನದ ಮೊದಲಿಗೆ ಅದು ಹತ್ತಿ ಬೀಜದ ಜೊತಿ ಈಜಿಪ್ಟಿಗೆ ಹೋಯ್ತು, ಅಲ್ಲಿಂದ ಮೆಕ್ಸಿಕೋ, 1917ಕ್ಕೆ ಅಮೆರಿಕದ ಟೆಕ್ಸಾಸ್.

ಹಸಿರು ಕಾಯಿಕೊರಕದ ಕಾಟ ನಿಮಗ ನೆನಪಿರಬೇಕು. 1980ರ ನಂತರ ಪೈರೆಥ್ರಾಯ್ಡ್ ಔಷಧಗಳು ಬಂದಾಗ ಒಂದು ಸಿಂಪರಣೆಗೆ ಹೊಲ ಸ್ವಚ್ಛ ಆಗ್ತಿತ್ತು. 1987ರಲ್ಲಿ ಆಂಧ್ರದ ಗುಂಟೂರು, ಪ್ರಕಾಶಂ ಕಡೆ ಅದೇ ಔಷಧ ಕೈಕೊಟ್ಟಿತು, ಹತ್ತಿ ಮುಳುಗಿತು. 90ರ ದಶಕದ ಕೊನಿಗೆ ವಾರಂಗಲ್ ಕಡೆ ರೈತರು ಅದೇ ಔಷಧ ಕುಡಿದು ಸತ್ತ ಸುದ್ದಿ ನಾವೆಲ್ಲ ಪೇಪರಿನಾಗ ಓದೀವಿ. ಆ ಸುದ್ದಿಯ ಹಿಂದ ಸಾಲ ಇತ್ತು, ಮಳಿ ಇತ್ತು, ದರ ಇತ್ತು. ಅದರ ಜೊತಿ ಈ ಹುಳದ ವಂಶದ ಲೆಕ್ಕವೂ ಇತ್ತು. ಅದನ್ನ ಯಾರೂ ಬರೀಲಿಲ್ಲ.

ಇಂಥಾ ಹೊತ್ತಿನಾಗ 2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು, ನಮ್ಮ ರಾಜ್ಯವೂ ಆ ಮೊದಲ ಪಟ್ಟಿಯಲ್ಲಿತ್ತು. ಬಿಟಿ ಅನ್ನೋದು ಮಣ್ಣಿನಾಗ ಇರೋ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಸಾಯ್ತಿದ್ದ ರೇಷ್ಮೆ ಹುಳದಾಗ ಇದನ್ನ ಕಂಡ. 1911ರಲ್ಲಿ ಜರ್ಮನಿಯ ತುರಿಂಗಿಯಾ ಸೀಮೆಯಲ್ಲಿ ಬರ್ಲಿನರ್ ಹಿಟ್ಟಿನ ಪತಂಗದಾಗ ಕಂಡು ಆ ಊರಿನ ಹೆಸರೇ ಇಟ್ಟ. ಈ ಬ್ಯಾಕ್ಟೀರಿಯಾ ಮಾಡೋ ವಿಷದ ಜೀನು ಹತ್ತಿ ಗಿಡದಾಗ ಸೇರಿಸಿದ್ದೇ ಬಿಟಿ ಹತ್ತಿ. ಹುಳದ ಕರುಳಿನಾಗ ಒಂದು ಕೀಲಿಕೈ ತೂತು ಇದ್ದಂಗ ಐತಿ, ವಿಷ ಅಲ್ಲಿ ಹೋಗಿ ಕೂಡ್ತದ, ಕರುಳು ಒಡೀತದ, ಹುಳ ಸಾಯ್ತದ. ನಮಗ, ದನಕ್ಕ ಆ ತೂತು ಇಲ್ಲ.

ಕೆಲವು ಹುಳದಾಗ ಹುಟ್ಟುತ್ತಲೇ ಆ ತೂತಿನ ಆಕಾರ ಬ್ಯಾರೆ ಇರ್ತದ, ವಿಷ ಅಲ್ಲಿ ಕೂಡೋದಿಲ್ಲ. ಪ್ರತಿ ಜೀವಿಗೆ ಜೀನು ಅಪ್ಪನಿಂದ ಒಂದು, ಅವ್ವನಿಂದ ಒಂದು. ಗುಲಾಬಿ ಹುಳದಾಗ ಎರಡೂ ಕಡೆಯಿಂದ ಕೆಟ್ಟ ತೂತು ಬಂದ್ರ ಮಾತ್ರ ಅದು ಬದುಕ್ತದ. ಒಂದು ಚಲೋ, ಒಂದು ಕೆಟ್ಟದ್ದು ಇದ್ರ ಚಲೋ ತೂತಿನಿಂದಲೇ ವಿಷ ಒಳಗ ಹೋಗಿ ಸಾಯ್ತದ. ಈ ಮಾತು ಗಟ್ಟಿ ಹಿಡಕೊಳ್ರಿ, ಮುಂದಿನ ಪೂರ್ತಿ ಲೆಕ್ಕ ಇದರ ಮ್ಯಾಲೆ ನಿಂತೈತಿ.

ಲೆಕ್ಕಕ್ಕಂತ ಹಿಡೀರಿ, ಸಾವಿರ ಜೀನಿನಾಗ ಒಂದು ಕೆಟ್ಟ ತೂತಿನದು. ಹಂಗಾದ್ರ ಎರಡೂ ಕೆಟ್ಟದ್ದು ಒಂದೇ ಹುಳಕ್ಕ ಬರೋದು ಸಾವಿರ ಸಲ ಸಾವಿರ, ಅಂದ್ರ 10 ಲಕ್ಷಕ್ಕೆ ಒಂದು. ಊರ ತುಂಬ ಬಿಟಿ ಹಚ್ಚಿದ್ವಿ. 10 ಲಕ್ಷದಾಗ ಒಂದು ಉಳೀತು. ಮಗ್ಗಲ ಹೊಲದಾಗೂ ಅಂಥದ್ದೇ ಒಂದು ಉಳೀತು. ಬ್ಯಾರೆ ಪತಂಗ ಯಾವೂ ಇಲ್ಲ, ಇವೆರಡೇ ಕೂಡಿದವು. ಒಂದು ಹೆಣ್ಣು ನೂರಕ್ಕೂ ಹೆಚ್ಚು ತತ್ತಿ ಇಡ್ತದ. ಹುಟ್ಟಿದ್ದೆಲ್ಲವೂ ಗಟ್ಟಿ. ಹತ್ತಿ ಹೊಲದಾಗ ಒಂದು ವರ್ಷಕ್ಕೆ ಇಂಥಾ ನಾಕೈದು ತಲೆಮಾರು ಆಗ್ತಾವ. ಬೇಕಾದ್ರ ಬೆರಳು ಮಡಿಚಿ ಎಣಿಸ್ರಿ.

ಈಗ ಇನ್ನೊಂದು ನಮೂನಿ. ಊರಾಗ ಐದರಾಗ ಒಂದು ಪಾಲು ಬಿಟಿ ಅಲ್ಲದ ಹತ್ತಿ ಐತಿ ಅನ್ರಿ. ಅಲ್ಲಿ ಸಾವಿರಗಟ್ಟಲೆ ಸಾದಾ ಪತಂಗ ಹುಟ್ಟಿ ಹಾರಾಡ್ತಾವ. ಬಿಟಿ ಹೊಲದಾಗ ಉಳಿದ ಒಂದು ಗಟ್ಟಿ ಪತಂಗಕ್ಕ ಜೋಡಿ ಸಿಗೋದು ಈ ಸಾದಾ ಪತಂಗವೇ. ಅವುಗಳ ಮರಿ ಎಲ್ಲ ಅರ್ಧ ಅರ್ಧ, ಬಿಟಿ ಕಾಯಿ ತಿಂದ್ರ ಸಾಯ್ತಾವ. ಬಿಟಿ ಪಾಕೀಟಿನ ಜೊತಿ ಬರ್ತಿದ್ದ ಸಣ್ಣ ಪಾಕೀಟು ಇದಕ್ಕೇ ಇತ್ತು. 450 ಗ್ರಾಂ ಬಿಟಿ, ಅದರ ಜೊತಿ 120 ಗ್ರಾಂ ಸಾದಾ ಬೀಜ. ಹೊಲದ ಸುತ್ತ ಐದು ಸಾಲು ಇಲ್ಲಾ 20 ಪರ್ಸೆಂಟ್ ಜಾಗ, ಎರಡರಾಗ ಯಾವುದು ಹೆಚ್ಚೋ ಅಷ್ಟು ಹಚ್ಚಬೇಕು ಅಂತ ನಿಯಮ. ಇದು ಯಾರದೋ ತಲಿಗೆ ಹೊಳೆದ ಕಾಗದದ ನಿಯಮ ಅಲ್ಲ. ಹವಾಯಿ ದ್ವೀಪದಾಗ ಬಿಟಿ ಪುಡಿಯನ್ನ ಮ್ಯಾಲಿಂದ ಮ್ಯಾಲೆ ಸಿಂಪಡಿಸಿದ ಕಡೆ ಎಲೆಕೋಸಿನ ಪತಂಗ ಬಿಟಿಗೇ ಜಗ್ಗದಂಗ ಆಗಿದ್ದನ್ನ ಟಬಾಶ್ನಿಕ್ ಅನ್ನೋ ವಿಜ್ಞಾನಿ ಮತ್ತವನ ಸಂಗಡಿಗರು 1990ರಲ್ಲೇ ತೋರಿಸಿದ್ರು. ಬಿಟಿ ಹತ್ತಿ ಹೊಲಕ್ಕೆ ಬರೋಕಿಂತ ಆರು ವರ್ಷ ಮೊದಲೇ ಈ ಅಪಾಯ ಗೊತ್ತಿತ್ತು.

ಅಮೆರಿಕದ ಅರಿಜೋನಾ ರಾಜ್ಯದ ಹತ್ತಿ ರೈತರು 1996ರಲ್ಲಿ ಬಿಟಿ ಹಚ್ಚಿದರು, ಸಾದಾ ಹತ್ತಿಯನ್ನೂ ಹಚ್ಚಿದರು. ಮರು ವರ್ಷವೇ ಹೊಲದಿಂದ ತಂದ ಗುಲಾಬಿ ಹುಳದಾಗ ಗಟ್ಟಿ ಜೀನು ಕಂಡಿತು. ಎಲ್ಲರೂ ಹೆದರಿದ್ರು, ಇನ್ನೆರಡು ವರ್ಷದಾಗ ಮುಗೀತು ಅಂದ್ರು. ಮುಗೀಲಿಲ್ಲ. ಸಾದಾ ಪತಂಗದ ಹಿಂಡು ಆ ಜೀನನ್ನ ಮ್ಯಾಲೆ ಏಳಾಕ ಬಿಡಲಿಲ್ಲ. ಇನ್ನೊಂದು ಕಾರಣ ಏನಂದ್ರ, ವಿಷ ಇಲ್ಲದ ಗಿಡದಾಗ ಗಟ್ಟಿ ಹುಳ ಸಾದಾ ಹುಳದಷ್ಟು ಚಲೋ ಬೆಳೀತಿರಲಿಲ್ಲ. ಕೆಟ್ಟ ತೂತಿಗೂ ಒಂದು ಬೆಲೆ ಕಟ್ಟಬೇಕಾಗ್ತದ. 2006ರಿಂದ ಅವರು ಇನ್ನೂ ಮುಂದ ಹೋದ್ರು. ಬಂಜೆ ಮಾಡಿದ ಪತಂಗಗಳನ್ನ ವಿಮಾನದಿಂದ ನೂರಾರು ಕೋಟಿ ಬಿಟ್ಟರು. ಉಳಿದ ಪತಂಗಕ್ಕ ಸಿಗೋ ಜೋಡಿಯೆಲ್ಲ ಬಂಜೆ. 2018ರ ಅಕ್ಟೋಬರಿನಲ್ಲಿ ಅಮೆರಿಕದ ಹತ್ತಿ ಸೀಮೆಯಲ್ಲಿ ಗುಲಾಬಿ ಹುಳ ನಿರ್ನಾಮ ಆಯ್ತು ಅಂತ ಅಲ್ಲಿನ ಸರ್ಕಾರ ಸಾರಿತು. ಅದೇ ಹುಳ, ಅದೇ ಜೀನು. ಅದರ ಹಿಂದಿನ ವರ್ಷ 2017ರಲ್ಲಿ ನಮ್ಮ ಕಡೆ ಏನಾಗಿತ್ತು ಅಂತ ನಿಮಗ ಗೊತ್ತೇ ಐತಿ.

ನಮ್ಮಲ್ಲಿ ಆಗಿದ್ದನ್ನ ವರ್ಷದ ಲೆಕ್ಕದಾಗ ಹೇಳ್ತೇನಿ. 2001ರಲ್ಲೇ ಗುಜರಾತಿನಲ್ಲಿ ಒಪ್ಪಿಗೆ ಇಲ್ಲದ ಬಿಟಿ ಹತ್ತಿ ಹೊಲದಾಗ ಸಿಕ್ಕಿಬಿದ್ದಿತ್ತು. ಅದಕ್ಕ ಸಾದಾ ಸಾಲೂ ಇಲ್ಲ, ನಿಯಮವೂ ಇಲ್ಲ. 2002ಕ್ಕ ಒಂದು ಜೀನಿನ ಬೋಲ್‌ಗಾರ್ಡ್, 2006ಕ್ಕ ಎರಡು ಜೀನಿನ ಬೋಲ್‌ಗಾರ್ಡ್ 2. ಕೆಲವೇ ವರ್ಷದಾಗ ದೇಶದ ಹತ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಬಿಟಿ ಆಯ್ತು. ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜಕೋಟ ಜಿಲ್ಲೆಗಳಲ್ಲಿ ಗುಲಾಬಿ ಹುಳ ಒಂದು ಜೀನಿನ ಬಿಟಿಗೆ ಜಗ್ಗುತ್ತಿಲ್ಲ ಅಂತ 2010ರಲ್ಲಿ ಬೀಜದ ತಂತ್ರಜ್ಞಾನ ಕೊಟ್ಟ ಮೊನ್ಸಾಂಟೋ ಕಂಪನಿಯೇ ಒಪ್ಪಿಕೊಂಡಿತು. 2014, 2015ರ ಹೊತ್ತಿಗೆ ಗುಜರಾತಿನಲ್ಲಿ ಎರಡು ಜೀನಿನದೂ ಸೋತಿತು. 2017ಕ್ಕ ಮಹಾರಾಷ್ಟ್ರ, ತೆಲಂಗಾಣ, ನಮ್ಮ ಕಡೆ ಎಲ್ಲೆಲ್ಲೂ ಕಾಯಿ ಒಡೆದ್ರ ಒಳಗ ಗುಲಾಬಿ ಬಣ್ಣದ ಹುಳ.

ಯಾಕ ಇಷ್ಟು ಬೇಗ? ಸಾದಾ ಬೀಜದ ಪಾಕೀಟು ಯಾರೂ ಹಚ್ಚಲಿಲ್ಲ ಅನ್ನೋದು ಒಂದು ಕಾರಣ. ಕೆಲವರು ಬದುವಿಗೆ ಎಸೆದ್ರು, ಕೆಲವರು ದನಕ್ಕ ಹಾಕಿದ್ರು. ರೈತರು ದಡ್ಡರು, ನಿಯಮ ಪಾಲಿಸಲಿಲ್ಲ ಅಂತ ದೊಡ್ಡ ಸಭೆಗಳಲ್ಲಿ ಹೇಳೋದನ್ನ ಕೇಳೀನಿ. ನನಗ ಆ ಮಾತು ಒಪ್ಪಿಗಿ ಇಲ್ಲ. ಆ ಸಣ್ಣ ಪಾಕೀಟಿನ ಬೀಜ ನಮ್ಮ ಕಡೆ ಎಷ್ಟೋ ಸಲ ಸರಿಯಾಗಿ ಹುಟ್ಟುತ್ತಲೇ ಇರಲಿಲ್ಲ. ಯಾಕ ಹಚ್ಚಬೇಕು ಅಂತ ಮಾರುವವನೂ ಹೇಳಲಿಲ್ಲ. ಪಾಕೀಟಿನ ಹಿಂದ ಇರುವಿ ಸಾಲಿನಂಥಾ ಅಕ್ಷರದಾಗ ಬರೆದಿತ್ತು. ಅದಕ್ಕಿಂತ ದೊಡ್ಡ ಮಾತು ಅಂದ್ರ, ಅರಿಜೋನಾದವನಿಗೆ ನೂರಾರು ಎಕರೆ, ಅವನ ಸಾದಾ ಹತ್ತಿ ಅವನ ಬಿಟಿಯನ್ನೇ ಕಾಯ್ತದ. ಎರಡೂವರೆ ಎಕರೆಯವ ಅರ್ಧ ಎಕರೆ ಹುಳಕ್ಕ ಬಿಟ್ರ ನಷ್ಟ ಅವನದು, ಲಾಭ ಊರಿನ ಎಲ್ಲರದು. ಮಗ್ಗಲ ಹೊಲದವ ಬಿಡದಿದ್ರ ಅವನ ನಷ್ಟವೂ ವ್ಯರ್ಥ. ಕೆರಿ ನೀರಿನ ಸರದಿ ಹಂಗ ಊರು ಕೂಡಿ ಮಾಡೋ ಕೆಲಸವನ್ನ ಒಂದೊಂದು ಪಾಕೀಟಿನಾಗ ಹಾಕಿ ಒಬ್ಬೊಬ್ಬನ ತಲಿಗೆ ಕಟ್ಟಿದ್ರು.

ಎರಡನೇ ಕಾರಣ ನಮ್ಮ ಧಾರವಾಡಕ್ಕ ಸಂಬಂಧಪಟ್ಟದ್ದು. ಹತ್ತಿಯಲ್ಲಿ ಹೈಬ್ರಿಡ್ ಬೀಜದ ಬೇಸಾಯ ನಮ್ಮ ದೇಶದ ವಿಶೇಷ. 1970ರಲ್ಲಿ ಸೂರತ್ತಿನ ಸಿ. ಟಿ. ಪಟೇಲರು ಎಚ್ 4 ಕೊಟ್ಟರು, 1972ರಲ್ಲಿ ಧಾರವಾಡದ ಬಿ. ಎಚ್. ಕಾತರಕಿಯವರು ವರಲಕ್ಷ್ಮಿ ಕೊಟ್ಟರು. ವರಲಕ್ಷ್ಮಿಯಿಂದ ಮನಿ ಕಟ್ಟಿಸಿದವರು ನಮ್ಮಲ್ಲಿ ಎಷ್ಟೋ ಮಂದಿ, ಅವರ ಋಣ ದೊಡ್ಡದು. ಆದ್ರ ಹೈಬ್ರಿಡ್ಡಿನಾಗ ಬಿಟಿ ಜೀನು ಸೇರಿದಾಗ ಒಂದು ಯಡವಟ್ಟು ಆಯ್ತು, ಅದು ತಳಿ ಮಾಡಿದವರು ಕಂಡ ಕಾಲದ್ದಲ್ಲ. ಅಮೆರಿಕದ ಹತ್ತಿ ಸಾದಾ ತಳಿ, ಅಪ್ಪ ಅವ್ವ ಎರಡೂ ಕಡೆ ಬಿಟಿ, ಕಾಯಿಯೊಳಗಿನ ಪ್ರತಿ ಬೀಜದಾಗೂ ವಿಷ. ನಮ್ಮ ಹೈಬ್ರಿಡ್ಡಿನಾಗ ಬಿಟಿ ಬಂದಿದ್ದು ಒಂದೇ ಕಡೆಯಿಂದ. ಹಂಗಾಗಿ ನಮ್ಮ ಹೊಲದ ಗಿಡದ ಕಾಯಿಯೊಳಗಿನ ಬೀಜ ಒಡೀತಾವ. ಎರಡು ಜೀನಿನದಾದ್ರ 16 ಬೀಜದಾಗ ಸುಮಾರು 9ರಲ್ಲಿ ಎರಡೂ ವಿಷ, 3ರಲ್ಲಿ ಒಂದು, 3ರಲ್ಲಿ ಇನ್ನೊಂದು, 1ರಲ್ಲಿ ಏನೂ ಇಲ್ಲ. ಇದು ಮೆಂಡೆಲನ ಹಳೇ ಬಟಾಣಿ ಲೆಕ್ಕ. ಗುಲಾಬಿ ಹುಳ ಬದುಕೋದೇ ಬೀಜ ತಿಂದು. ಒಂದೇ ಕಾಯಿಯೊಳಗ ವಿಷ ಇದ್ದದ್ದು, ಅರ್ಧ ಇದ್ದದ್ದು, ಇಲ್ಲದ್ದು ಎಲ್ಲ ಸಿಕ್ಕಾಗ ಅರ್ಧ ಗಟ್ಟಿ ಹುಳವೂ ಹೆಂಗೋ ಉಳಕೊಳ್ತದ. ಮೊದಲೇ ಹೇಳಿದೆನಲ್ಲ, ಸಾಯಬೇಕಾದ ಅರ್ಧ ಅರ್ಧ ಮರಿ ಇದೇ. ಅದು ಉಳಿದ್ರ ಪೂರ್ತಿ ಲೆಕ್ಕ ಕೆಡ್ತದ.

ಹಸಿರು ಕಾಯಿಕೊರಕ ಮಾತ್ರ ಅಷ್ಟು ಬೇಗ ಬಿಟಿಯನ್ನ ಸೋಲಿಸಲಿಲ್ಲ. ಅದಕ್ಕೇ ಬೀಜದಾಗ ದಮ್ಮಿಲ್ಲ ಅನ್ನೋ ಮಾತು ತಪ್ಪು ಅಂದೆ. ಬೀಜ ಅದೇ, ವಿಷ ಅದೇ. ಹಸಿರು ಹುಳ ತೊಗರಿ ತಿಂತದ, ಕಡ್ಲಿ ತಿಂತದ, ಸೂರ್ಯಕಾಂತಿ, ಟೊಮೆಟೊ ತಿಂತದ. ಅಲ್ಲೆಲ್ಲ ವಿಷ ಇಲ್ಲ, ಸಾದಾ ಪತಂಗ ಸಾಕಷ್ಟು ಹುಟ್ತಾವ. ನಮ್ಮ ಮಿಶ್ರ ಬೆಳಿ ನಮಗ ಗೊತ್ತಿಲ್ಲದೇ ಪುಕ್ಕಟೆ ಕಾವಲು ಮಾಡ್ತು. ಗುಲಾಬಿ ಹುಳಕ್ಕ ಹೆಚ್ಚೂಕಡಿಮಿ ಹತ್ತಿ ಒಂದೇ ಊಟ. ಊರೆಲ್ಲ ಬಿಟಿ ಹತ್ತಿ ಆದ ಮ್ಯಾಲೆ ಸಾದಾ ಪತಂಗ ಹುಟ್ಟಾಕ ಜಾಗವೇ ಉಳೀಲಿಲ್ಲ.

ಚೀನಾದ ಯಾಂಗ್ಟ್ಸಿ ನದಿ ಕಣಿವೆಯಲ್ಲಿ ಒಂದು ವಿಚಿತ್ರ ಆಯ್ತು. ಅಲ್ಲೂ ಸಣ್ಣ ರೈತರು, ಸಾದಾ ಸಾಲಿನ ನಿಯಮವೇ ಇರಲಿಲ್ಲ. ಹುಳ ಗಟ್ಟಿ ಆಗಾಕ ಶುರುವಾಗಿತ್ತು. ಅಷ್ಟರಾಗ ಅಲ್ಲಿ ಹೈಬ್ರಿಡ್ಡಿನ ಎರಡನೇ ತಲೆಮಾರಿನ ಬೀಜ ಬಿತ್ತೋದು ಹೆಚ್ಚಾಯ್ತು, ಅದು ಅಗ್ಗ ಅಂತ. ಎರಡನೇ ತಲೆಮಾರಿನಾಗ ನಾಲ್ಕು ಗಿಡಕ್ಕೆ ಒಂದು ಗಿಡ ಬಿಟಿ ಇಲ್ಲದ್ದು. ಕಾಯಿಯೊಳಗ ಬೀಜ ಬೆರೆತಿರೋದು ಬ್ಯಾರೆ, ಗಿಡಕ್ಕ ಗಿಡವೇ ಸಾದಾ ಇರೋದು ಬ್ಯಾರೆ. ಆ ಸಾದಾ ಗಿಡದಾಗ ಸಾದಾ ಪತಂಗ ದಂಡಿಯಾಗಿ ಹುಟ್ಟಿದವು, ಗಟ್ಟಿ ಹುಳದ ಪಾಲು ಏರೋದು ನಿಂತು ಇಳಿಯಿತು. 11 ವರ್ಷದ ಲೆಕ್ಕ ಹಾಕಿ 2017ರಲ್ಲಿ ಅದನ್ನ ಪ್ರಕಟ ಮಾಡಿದ್ರು. ನಾವು ಹೊಲಗಳಲ್ಲಿ ತಲಿ ಮ್ಯಾಲೆ ಕೈ ಇಟ್ಕೊಂಡು ಕುಂತ ಅದೇ ವರ್ಷ. ಅಗ್ಗದ ಬೀಜ ಅಂತ ಬಿತ್ತಿದವರಿಗೆ ಅದು ಕಾವಲು ಆಗಿತ್ತು.

ಇದನ್ನ ಓದಿ ಯಾರೂ ನಾಳೆನೇ ನಮ್ಮ ಹೊಲದ ಬೀಜ ಇಟ್ಟು ಬಿತ್ತಾಕ ಹೋಗಬ್ಯಾಡ್ರಿ. ನಮ್ಮಲ್ಲಿ ಗಟ್ಟಿ ಜೀನು ಈಗ ಸಾವಿರಕ್ಕ ಒಂದು ಅಲ್ಲ, ಊರು ತುಂಬ ಐತಿ. ಸೋತ ಮ್ಯಾಲೆ ಸಾದಾ ಸಾಲು ಹಚ್ಚಿದ್ರ ಮೊದಲಿನಷ್ಟು ಪ್ರಯೋಜನ ಇಲ್ಲ. ಈಗ ಉಳಿದಿದ್ದು ಹುಳದ ತಲೆಮಾರಿನ ಸಂಖ್ಯೆ ಕಡಿಮಿ ಮಾಡೋದು.

ಅದಕ್ಕೇ ಈ ಬರಹವನ್ನ ಈಗ ಹಾಕ್ತಿರೋದು. ಮೂರನೇ ಬಿಡಿಸೋದು ಮುಗಿದೈತಿ. ಕಾಲುವಿ ನೀರು ಇದ್ದವರು ಇನ್ನೊಂದು ಸಲ ನೀರು ಬಿಟ್ಟು, ಗೊಬ್ಬರ ಹಾಕಿ ಫೆಬ್ರವರಿ ಮಾರ್ಚಿನ ತನಕ ಹತ್ತಿ ಎಳೆಯೋ ವಿಚಾರದಾಗ ಅದಾರ. ಎಕರೆಗೆ ಎರಡು ಕ್ವಿಂಟಲ್ ಬಂದ್ರೂ ಬಂತು ಅಂತ. ಆ ಎರಡು ಕ್ವಿಂಟಲ್ ಯಾವ ಹುಳದ ಜೊತಿ ಬರ್ತದ ನೋಡ್ರಿ. ಬಿತ್ತಿ 100, 110 ದಿನ ದಾಟಿದ ಮ್ಯಾಲೆ ಗಿಡದಾಗ ಬಿಟಿ ವಿಷ ಇಳೀತಾ ಹೋಗ್ತದ. ಈಗ ಗಿಡದಾಗ ಇರೋದು ಅರ್ಧಂಬರ್ಧ ವಿಷ. ಸಾದಾ ಹುಳಕ್ಕ ಸಾಕು, ಅರ್ಧ ಗಟ್ಟಿ ಹುಳಕ್ಕ ಸಾಲದು. ಅಂದ್ರ ಡಿಸೆಂಬರ್ ನಂತರ ನಿಂತ ಹತ್ತಿ ಹುಳದ ಬೀಜೋತ್ಪಾದನೆ ಪ್ಲಾಟ್ ಇದ್ದಂಗ, ಗಟ್ಟಿ ಹುಳ ಆರಿಸಿ ಬೆಳೆಸೋ ಪ್ಲಾಟ್. ಚಳಿ ಹೊತ್ತಿನ ಕೊನೇ ಹುಳ ಬೀಜದೊಳಗೇ ಮುದುಡಿ ಮಲಗ್ತದ. ಒಣ ಕಾಯಿ ಇರೋ ಹತ್ತಿ ಕಟ್ಟಿಗಿಯನ್ನ ಒಲಿಗೆ ಅಂತ ಮನಿ ಹಿಂದ ಒಟ್ಟಿದ್ರ ಅದರಾಗ ಮಲಗಿರ್ತದ, ಜಿನ್ನಿಂಗ್ ಮಿಲ್ಲಿನ ಅಂಗಳದ ಬೀಜದ ರಾಶಿಯಾಗೂ ಮಲಗಿರ್ತದ. ಮುಂದಿನ ಜುಲೈ ಆಗಸ್ಟಿನಲ್ಲಿ ಹತ್ತಿ ಹೂ ಗುಲಾಬಿ ಮೊಗ್ಗಿನ ಹಂಗ ಮುದುಡಿ ನಿಂತ್ರ, ಆ ಹೂವಿನೊಳಗ ಇರೋದು ಇದೇ ಕಟ್ಟಿಗಿಯ ಮರಿ.

ಹತ್ತಿ ಇಲ್ಲದ ನಾಲ್ಕೈದು ತಿಂಗಳು ಈ ಹುಳಕ್ಕ ಊಟ ಇಲ್ಲ, ಯಾಕಂದ್ರ ಬ್ಯಾರೆ ಬೆಳಿ ಅದಕ್ಕ ಆಗಿ ಬರೋದಿಲ್ಲ. ಗಟ್ಟಿ ಜೀನಿರಲಿ, ಸಾದಾ ಜೀನಿರಲಿ, ಹಸಿವಿಗೆ ಎರಡೂ ಒಂದೇ. ಹಸಿವಿಗೆ ನಿರೋಧಕ ಆದ ಹುಳ ಇನ್ನೂ ಹುಟ್ಟಿಲ್ಲ. ಒಂದು ಊರು ಕಿತ್ತು, ಮಗ್ಗಲ ಊರು ನಿಲ್ಲಿಸಿದ್ರ ಮತ್ತ ಸಾದಾ ಸಾಲಿನ ಕಥಿನೇ ಆಗ್ತದ, ಹಂಗಾಗಿ ಕೂಡಿ ಮಾಡಬೇಕು.

ನಮ್ಮ ಹಳ್ಳದ ಈಚಿನ ದಂಡಿಯವರು ಮಾತಾಡಿಕೊಂಡೀವಿ. ಟ್ರ್ಯಾಕ್ಟರ್ ರೋಟಾವೇಟರ್ ಒಂದೇ ಸಲ ತರಿಸಿದ್ರ ಬಾಡಿಗಿ ಕಡಿಮಿ ಆಗ್ತದ ಅಂತ ಮಾಲಕರು ಒಪ್ಯಾರ. ಮುಂದಿನ ಬುಧವಾರದಿಂದ ಶುರು. ಹತ್ತಿ ಕಿತ್ತ ಮ್ಯಾಲೆ ಹಸಿ ಇದ್ದಲ್ಲಿ ಕಡ್ಲಿ ತಡ ಆಯ್ತು ಅನ್ನೋರು ಮೇವಿನ ಜೋಳ ಹಾಕಬಹುದು. ದನ ಕುರಿ ಇದ್ದವರು ಕೀಳೋಕಿಂತ ಎರಡು ದಿನ ಮೊದಲು ಹೊಲಕ್ಕ ಬಿಡ್ರಿ, ಉಳಿದ ಹಸಿ ಕಾಯಿ ಅವೇ ತಿಂದು ಮುಗಿಸ್ತಾವ. ಹೊಸದಾಗಿ ಎಣ್ಣಿ ಹೊಡೆದ ಹೊಲಕ್ಕ ಮಾತ್ರ ಬಿಡಬ್ಯಾಡ್ರಿ. ಹಳ್ಳದ ಆಚಿನವರು ಯಾರಾದ್ರೂ ಇದನ್ನ ಓದಿದ್ರ ಒಂದು ಫೋನ್ ಮಾಡ್ರಿ, ಯಂತ್ರ ದಾಟಿಸಾಕ ದಾರಿ ಈಗ ಒಣಗೈತಿ.